ಮಳೆ ಬರುವ ತನಕ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನ ಬನಶಂಕರಿ ದೇವಸ್ಥಾನಕ್ಕೆ ಹೋದವರಿಗೆ ಈ ನೋಟ ಗೊತ್ತು. ಬೇರೆ ಕಡೆ ರಾಹುಕಾಲ ಅಂದರೆ ಹೊಸ್ತಿಲು ದಾಟಲು ಹಿಂಜರಿಯುವ ಜನ ಇಲ್ಲಿ ಅದೇ ಹೊತ್ತಿಗಾಗಿ ಕಾದು ಕೂರುತ್ತಾರೆ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗಾಗಿ ಮಗುಚುತ್ತಾರೆ. ಹಾಗೆ ಮಗುಚುವಾಗ ಬೆರಳು ಸ್ವಲ್ಪ ಬಿರುಸಾದರೂ ಸಿಪ್ಪೆ ಸೀಳಿಹೋಗುತ್ತದೆ. ಸೀಳದೆ ಉಳಿದದ್ದು ಪುಟ್ಟ ಹಣತೆಯಾಗುತ್ತದೆ. ಅದಕ್ಕೆ ಎಣ್ಣೆ ಬಿಟ್ಟು ಬತ್ತಿ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಅಂಚು ಕಾದು ಕಹಿ ಬೆರೆತ ಪರಿಮಳ ಏಳುತ್ತದೆ. 1915ರಲ್ಲಿ ಭಕ್ತ ಸೋಮಣ್ಣ ಶೆಟ್ಟರು ಕಟ್ಟಿಸಿದ ಈ ಗುಡಿಯ ಸುತ್ತ ಇವತ್ತು ಒಂದು ಊರೇ ಬೆಳೆದಿದೆ, ದೇವಿಯ ಹೆಸರನ್ನೇ ಇಟ್ಟುಕೊಂಡಿದೆ. ದೀಪ ಹಚ್ಚಿ ಕೂತವರ ಕೈಚೀಲದಲ್ಲಿ ಸ್ಕ್ಯಾನಿಂಗ್ ರಿಪೋರ್ಟು ಇರುತ್ತದೆ, ಕೋರ್ಟಿನ ನೋಟಿಸು ಇರುತ್ತದೆ, ಮೂರು ಸಲ ಮುರಿದ ಸಂಬಂಧದ ಜಾತಕ ಇರುತ್ತದೆ. ಇನ್ನು ಆಗುವುದಿಲ್ಲ ಎಂದು ಬೇರೆಯವರು ಹೇಳಿಬಿಟ್ಟ ಮೇಲೆ ಬಂದವರೇ ಅಲ್ಲಿ ಹೆಚ್ಚು.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನಿಗೆ ಕ್ಯಾನ್ಸರ್ ಆಗಿ ಆಸ್ಪತ್ರೆ ಸೇರಿಸಿದ್ದಾಗ, ಅದೇ ಆಸ್ಪತ್ರೆಯಲ್ಲಿ ಬಾದಾಮಿ ಕಡೆಯ ಒಬ್ಬ ಹೆಣ್ಣುಮಗಳ ಪರಿಚಯವಾಯಿತು. ಒಂಬತ್ತು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಗಂಡ ಊರಿನಲ್ಲಿ ಹೊಲ ನೋಡಿಕೊಂಡು ದುಡ್ಡು ಹೊಂದಿಸುತ್ತಿದ್ದ. ಈಕೆ ಒಬ್ಬಳೇ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿದ್ದಳು. ‘ನಮ್ಮ ಬನಶಂಕರಿ ಇಲ್ಲೂ ಅದಾಳ ಅಂತ ಬಸ್ಸಿನ ಬೋರ್ಡ್ ನೋಡಿದ ಮ್ಯಾಲ ಗೊತ್ತಾತ್ರಿ ಅಕ್ಕಾರ’ ಅಂದಳು. ಒಂದು ಶುಕ್ರವಾರ ನಾನೇ ಕರೆದುಕೊಂಡು ಹೋದೆ. ಗುಡಿಯಿಂದ ವಾಪಸು ಬರುವಾಗ, ಎಲ್ಲರೂ ಹೇಳುವ ಹಾಗೆ ನಾನೂ ಹೇಳಿದೆ: ‘ಅಮ್ಮ ಖಂಡಿತ ವಾಸಿ ಮಾಡ್ತಾಳೆ, ಯೋಚನೆ ಮಾಡಬೇಡಿ.’ ಆಕೆ ತಲೆಯಾಡಿಸಲಿಲ್ಲ. ‘ಆರಾಮ ಮಾಡ್ತೀನಿ ಅಂತ ಆಕಿ ನನಗ ಹೇಳಿಲ್ರಿ. ಕೈ ಬಿಡಂಗಿಲ್ಲ ಅಂತ ಅಷ್ಟ ಹೇಳ್ಯಾಳ’ ಅಂದಳು.

ದೇವರು ಕೊಟ್ಟ ಮಾತು ಎಂದರೆ ಏನು, ಪರಿಸ್ಥಿತಿ ಪೂರ್ತಿ ಕೆಟ್ಟಿರುವಾಗ ಅದನ್ನು ನಂಬುವುದು ಎಂದರೆ ಏನು ಎಂಬುದರ ಬಗ್ಗೆ ನಾನು ಓದಿದ್ದಕ್ಕಿಂತ ಹೆಚ್ಚನ್ನು ಆ ಎರಡು ವಾಕ್ಯಗಳಿಂದ ಕಲಿತಿದ್ದೇನೆ. ಆಕೆ ಹೇಳಿದ್ದು ಸರಿ ಎಂಬುದೇ ಈ ಲೇಖನದ ವಾದ.

ನಮ್ಮ ಭಾಷೆಗೆ ಈ ವ್ಯತ್ಯಾಸ ಮೊದಲಿನಿಂದಲೂ ಗೊತ್ತು. ಮಳೆ ಕೈಕೊಟ್ಟಿತು ಅನ್ನುತ್ತೇವೆ, ಡಾಕ್ಟರು ಕೈಚೆಲ್ಲಿದರು ಅನ್ನುತ್ತೇವೆ, ದೇವರು ಕೈಬಿಡುವುದಿಲ್ಲ ಅನ್ನುತ್ತೇವೆ. ಮೂರೂ ಕೈಯ ಮಾತೇ ಆದರೂ ಮೂರನೆಯದರಲ್ಲಿ ಇಂಥದ್ದು ಆಗುತ್ತದೆ, ಇಷ್ಟು ದಿನಕ್ಕೆ ಆಗುತ್ತದೆ ಎಂಬ ಕರಾರು ಇಲ್ಲ. ಹಿಡಿದ ಕೈ ಸಡಿಲುವುದಿಲ್ಲ ಎಂಬುದಷ್ಟೇ ಇದೆ. ಕಿಕ್ಕಿರಿದ ಜಾತ್ರೆಯಲ್ಲಿ ಮಗುವಿನ ಕೈ ಹಿಡಿದ ತಾಯಿ ನೂಕುನುಗ್ಗಲು ಇರುವುದಿಲ್ಲ ಎಂದು ಮಗುವಿಗೆ ಹೇಳುವುದಿಲ್ಲ.

ಹರಕೆಯೇ ಬೇರೆ, ಅಭಯವೇ ಬೇರೆ. ಹರಕೆ ನಾವು ದೇವರಿಗೆ ಕೊಡುವ ಮಾತು, ಅಭಯ ದೇವರು ನಮಗೆ ಕೊಡುವ ಮಾತು. ಹರಕೆಗೆ ಕಾರಣವಿರುತ್ತದೆ, ಲೆಕ್ಕವಿರುತ್ತದೆ, ತೀರಿಸುವ ದಿನವಿರುತ್ತದೆ. ಅದನ್ನು ಕೀಳಾಗಿ ನೋಡುವವಳು ನಾನಲ್ಲ. ಕಷ್ಟದಲ್ಲಿರುವವರಿಗೆ ಮಾಡಲು ಏನಾದರೂ ಒಂದು ಕೆಲಸ ಬೇಕಾಗುತ್ತದೆ, ಹರಕೆ ಅದನ್ನು ಕೊಡುತ್ತದೆ. ತೊಂದರೆ ಶುರುವಾಗುವುದು ನಮ್ಮ ಹರಕೆಯ ಲೆಕ್ಕವನ್ನು ದೇವಿಯ ಅಭಯದ ಮೇಲೆ ಬರೆದಾಗ. ಒಂಬತ್ತು ವಾರ ದೀಪ ಹಚ್ಚಿದ್ದೇನೆ, ಇನ್ನು ಕೊಡುವುದು ಅವಳ ಸರದಿ ಎಂದುಕೊಂಡಾಗ. ಆಮೇಲೆ ಆಗದಿದ್ದರೆ ಉಳಿಯುವುದು ಎರಡೇ ದಾರಿ. ದೇವರು ಸುಳ್ಳು ಎನ್ನಬೇಕು, ಇಲ್ಲವೇ ನನ್ನ ಭಕ್ತಿಯಲ್ಲೇ ಕೊರತೆ ಇತ್ತು ಎಂದು ನೊಂದುಕೊಳ್ಳಬೇಕು. ಎರಡನೆಯದು ಹೆಚ್ಚು ಕ್ರೂರವಾದದ್ದು. ಮಗುವನ್ನು ಕಳೆದುಕೊಂಡ ತಾಯಿಗೆ ನಿನ್ನ ನಂಬಿಕೆ ಸಾಲದಾಯಿತು ಎಂದು ಹೇಳುವವರನ್ನು ನಾನು ಎಲ್ಲ ಧರ್ಮಗಳಲ್ಲೂ ನೋಡಿದ್ದೇನೆ. ಅದು ಕ್ಷಮಿಸಬಾರದ ಮಾತು.

ಹಾಗಾದರೆ ಬನಶಂಕರಿ ನಿಜವಾಗಿ ಕೊಟ್ಟ ಮಾತು ಯಾವುದು? ಅದು ಬಾಯಿಂದ ಬಾಯಿಗೆ ಬಂದ ಹೇಳಿಕೆಯಷ್ಟೇ ಅಲ್ಲ, ಬರಹದಲ್ಲೇ ಇದೆ. ನವರಾತ್ರಿಯಲ್ಲಿ ಮನೆಮನೆಯಲ್ಲಿ ಪಾರಾಯಣವಾಗುವ ದೇವೀಮಾಹಾತ್ಮ್ಯದ 11ನೇ ಅಧ್ಯಾಯದಲ್ಲಿದೆ. ಶುಂಭ ನಿಶುಂಭರ ವಧೆ ಮುಗಿದಿದೆ. ದೇವತೆಗಳು ಸ್ತುತಿಸಿ ನಿಂತಿದ್ದಾರೆ. ಆಗ ದೇವಿ ಮುಂದೆ ತಾನು ಯಾವಾಗ ಯಾವಾಗ ಬರುತ್ತೇನೆ ಎಂದು ಹೇಳುತ್ತಾ ಹೋಗುತ್ತಾಳೆ. ಅದರಲ್ಲೊಂದು ಶಾಕಂಭರಿಯ ಮಾತು. ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ ನೆಲೆಸಿದ ಬನಶಂಕರಿಯೇ ಆ ಶಾಕಂಭರಿ ಎಂದು ನಂಬಿ ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ 108 ಬಗೆಯ ಪಲ್ಯ ಮಾಡಿ ಎಡೆ ಇಡುತ್ತಾರೆ, ಪಲ್ಲೇದ ಹಬ್ಬ ಅನ್ನುತ್ತಾರೆ.

ಆ ಮಾತನ್ನು ಕ್ರಯಪತ್ರ ಓದುವಷ್ಟು ಎಚ್ಚರದಿಂದ ಓದಬೇಕು. ನೂರು ವರ್ಷ ಮಳೆಯಿಲ್ಲದೆ ಭೂಮಿಯಲ್ಲಿ ನೀರೇ ಇಲ್ಲದಂತಾಗುತ್ತದೆ, ಆಗ ಮುನಿಗಳು ಕರೆಯುತ್ತಾರೆ, ನಾನು ಬರುತ್ತೇನೆ, ನೂರು ಕಣ್ಣುಗಳಿಂದ ಅವರನ್ನು ನೋಡುತ್ತೇನೆ, ಮಳೆ ಬರುವ ತನಕ ನನ್ನ ಮೈಯಿಂದಲೇ ಹುಟ್ಟಿದ ಸೊಪ್ಪು ತರಕಾರಿಗಳಿಂದ ಲೋಕದ ಜೀವ ಹಿಡಿದಿಡುತ್ತೇನೆ. ಇಷ್ಟೇ ಅದರ ಸಾರ. ಬರ ಬರುವುದಿಲ್ಲ ಎಂದು ಅವಳು ಹೇಳುವುದಿಲ್ಲ. ಒಂದೆರಡು ವರ್ಷದ್ದಲ್ಲ, ನೂರು ವರ್ಷದ ಬರ ಎಂದು ತಾನೇ ಮೊದಲು ಹೇಳಿಬಿಡುತ್ತಾಳೆ. ಒಬ್ಬ ಮನುಷ್ಯನ ಆಯುಸ್ಸಿಗಿಂತ ದೊಡ್ಡ ಬರ! ಅಂಥ ಬರದಲ್ಲಿ ಹುಟ್ಟಿ, ಅದೇ ಬರದಲ್ಲಿ ಸತ್ತು, ಒಂದು ಹನಿ ಮಳೆ ಕಾಣದೆ ಹೋಗುವ ತಲೆಮಾರುಗಳು ಇರುತ್ತವೆ. ಕೊಟ್ಟ ಮಾತು ಅವರಿಗೂ ಸೇರಿದ್ದು. ಅವರಿಗೆ ಸಿಗುವುದು ಮಳೆಯಲ್ಲ, ಅವತ್ತಿನ ಊಟ.

ಅವಳು ಮೊದಲು ಮಾಡುವ ಕೆಲಸ ನೋಡುವುದು, ತಿನ್ನಲು ಕೊಡುವುದು ಆಮೇಲೆ. ದೇವೀಭಾಗವತದ 7ನೇ ಸ್ಕಂಧದಲ್ಲಿ ಇದೇ ಕಥೆ ಬೆಳೆದಿದೆ. ಜನರ ಪಾಡು ನೋಡಿ ನೂರು ಕಣ್ಣಿನ ಶತಾಕ್ಷಿಯಾದ ದೇವಿ ಒಂಬತ್ತು ರಾತ್ರಿ ಅತ್ತಳು, ಆ ಕಣ್ಣೀರೇ ಮಳೆಯಾಯಿತು ಎನ್ನುತ್ತದೆ ಅದು. ನೂರು ಕಣ್ಣು ಶಿಕ್ಷೆ ಕೊಡಲು ತೆರೆದದ್ದಲ್ಲ, ಅಳಲು ತೆರೆದದ್ದು. ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡು ದಿನ ಕಳೆದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ನೋವಿಗಿಂತ ಹೆಚ್ಚಾಗಿ ಕೊರೆಯುವುದು ನಮ್ಮನ್ನು ಯಾರೂ ಕಣ್ಣೆತ್ತಿ ನೋಡುತ್ತಿಲ್ಲ ಎಂಬ ಸಂಕಟ.

ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನೇ ನೆನೆಯುವವರ ಯೋಗಕ್ಷೇಮದ ಹೊಣೆ ಹೊರುತ್ತೇನೆ ಎನ್ನುತ್ತಾನೆ. ಜೀವ ವಿಮಾ ನಿಗಮ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಆ ಮಾತನ್ನೇ. ನಮ್ಮಲ್ಲಿ ಬಹಳ ಜನ ದೇವರ ಮಾತನ್ನು ಓದುವುದೂ ಪಾಲಿಸಿಯ ಹಾಗೆಯೇ, ಕಂತು ಕಟ್ಟಿದ್ದೇನೆ, ಮೊತ್ತ ಬರಬೇಕು ಎಂದು. ಆದರೆ ಆ ಮಾತನ್ನು ಕಿವಿಯಾರೆ ಕೇಳಿದವನು ಅರ್ಜುನ. ಯುದ್ಧದ 13ನೇ ದಿನ ಅವನ ಮಗ ಅಭಿಮನ್ಯು ಸತ್ತ. ಮಾತು ಕೊಟ್ಟವನು ಆ ಹುಡುಗನ ಸೋದರಮಾವ. ಅವತ್ತು ಸಂಜೆ ಪಾಳೆಯಕ್ಕೆ ಮರಳಿದಾಗ ಅರ್ಜುನನ ರಥದಲ್ಲಿ ಕೃಷ್ಣ ಇದ್ದ, ಮರುದಿನವೂ ಇದ್ದ, ಕೊನೆಯ ದಿನದವರೆಗೂ ಇದ್ದ. ಕೊಟ್ಟ ಮಾತು ನಡೆದದ್ದು ಹಾಗೆ. ವ್ಯಾಸರು ಇದನ್ನು ಮುಚ್ಚಿಡದೆ ಬರೆದಿದ್ದಾರೆ ಎಂಬುದೇ ನನಗೆ ಆ ಮಾತಿನಲ್ಲಿ ನಂಬಿಕೆ ಹುಟ್ಟಲು ಒಂದು ಕಾರಣ.

ಈಗ ಇನ್ನೊಂದು ಬಗೆಯ ಮಾತು ಕೊಡುವವರ ಬಗ್ಗೆ ಹೇಳಬೇಕು. ನಮ್ಮ ಬಡಾವಣೆಗಳ ಗೋಡೆಗಳ ಮೇಲೆ, ಆಟೋದ ಬೆನ್ನಿನ ಮೇಲೆ, ಯಾವುದೇ ಸಮಸ್ಯೆಗೆ 24 ಗಂಟೆಯಲ್ಲಿ ಪರಿಹಾರ ಎಂಬ ಚೀಟಿಗಳಿವೆ. ಮೈಕು ಹಿಡಿದು ಇವತ್ತೇ ಎದ್ದು ನಡೆಯುತ್ತೀಯ ಎನ್ನುವವರಿದ್ದಾರೆ. ತಾಯತ ಕಟ್ಟಿ ಇಂಜೆಕ್ಷನ್ ನಿಲ್ಲಿಸು ಎನ್ನುವವರಿದ್ದಾರೆ. 2017ರಲ್ಲಿ ನಮ್ಮ ರಾಜ್ಯ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಂತೆ ಅಪರಾಧ. ದೇವರನ್ನು ನಂಬುವವರು ಈ ಕಾಯ್ದೆಗೆ ಹೆದರಬೇಕಿಲ್ಲ, ಅದರ ಪರವಾಗಿ ನಿಲ್ಲಬೇಕು. ದೇವರು ಆಡದ ಮಾತನ್ನು ದೇವರ ಹೆಸರಿನಲ್ಲಿ ಮಾರುವುದನ್ನು ಅದು ತಡೆಯುತ್ತದೆ.

ಈ ಮಾತು ಬಂದಾಗ ಬಸವನಗುಡಿಯ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬದುಕು ಕಳೆದ ಗಾಂಧೀವಾದಿ, ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಶೂನ್ಯದಿಂದ ವಸ್ತು ತೆಗೆಯುತ್ತೇನೆ ಎನ್ನುವವರು ನಾವು ಹೇಳಿದ ಕಡೆ, ನಮ್ಮ ಕಣ್ಣೆದುರು ತೆಗೆದು ತೋರಿಸಲಿ ಎಂದರು. ಭಕ್ತರಿಗೆ ಆಗ ಬಹಳ ಕೋಪ ಬಂತು. ನನಗಂತೂ ನರಸಿಂಹಯ್ಯನವರು ಭಕ್ತರಿಗೇ ಹೆಚ್ಚು ಉಪಕಾರ ಮಾಡಿದರು ಅನಿಸುತ್ತದೆ. ಪವಾಡ ಒಂದು ಘಟನೆ, ಆಯಿತೇ ಇಲ್ಲವೇ ಎಂದು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಕೈಬಿಡುವುದಿಲ್ಲ ಎಂಬುದು ಒಂದು ನಂಟು. ಗೆಳೆಯನ ಮಾತನ್ನು ಪ್ರಯೋಗಾಲಯದಲ್ಲಿ ಅಳೆಯಲಾಗದು, ಅವನ ಜೊತೆ ಇಪ್ಪತ್ತು ವರ್ಷ ಬಾಳಿ ನೋಡಬೇಕು.

ಇಲ್ಲಿ ಚುರುಕಾದ ಓದುಗರು ನನ್ನನ್ನು ಹಿಡಿದು ನಿಲ್ಲಿಸಬೇಕು. ಮಳೆ ಬಂದರೂ ಮಾತು ನಿಜ, ಬರದಿದ್ದರೂ ನಿಜ, ಬದುಕಿದರೂ ನಿಜ, ಸತ್ತರೂ ನಿಜ ಎಂದಾದರೆ ಆ ಮಾತಿನಲ್ಲಿ ಹುರುಳೇನು? ಯಾವತ್ತೂ ಸುಳ್ಳಾಗದ ಮಾತು ಏನನ್ನೂ ಹೇಳದ ಮಾತೇ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟು: ಈ ಮಾತು ಸುಳ್ಳಾಗಬಹುದು, ನಮ್ಮ ನೆಲದಲ್ಲೇ ಸುಳ್ಳಾದ ಹಾಗೆ ಕಂಡ ಕಾಲವೂ ಒಂದಿತ್ತು.

ಧಾತು ಈಶ್ವರದ ಬರ. 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು, ಈಶ್ವರ ಸಂವತ್ಸರದಲ್ಲಿ ಹಸಿವು ಊರೂರನ್ನೇ ತಿಂದಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನ ಇದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಇವತ್ತು ನಾವು ಫ್ಲಾಟು ಕೊಂಡು ಕೂತಿರುವ ಈ ನೆಲ ಆಗ ಹೊಲ, ಕೆರೆ, ಹಳ್ಳಿ. ಬಿಟಿಎಂ ಎಂಬ ಮೂರಕ್ಷರದೊಳಗೆ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಲ್ಲ ಆ ಸಂಸ್ಥಾನದ ಹಳ್ಳಿಗಳೇ. ಆ ಜನವೂ ಗ್ರಾಮದೇವತೆಗಳಿಗೆ ಕೈಮುಗಿದಿದ್ದರು, ಕರೆದಿದ್ದರು. ಅವರನ್ನು ನೂರು ಕಣ್ಣುಗಳು ನೋಡಿದವೇ? ಮಳೆ ಬರುವ ತನಕ ಯಾರು ಉಣ್ಣಿಸಿದರು?

ಎ.ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದೇವರು’ ಎಂಬ ಪುಸ್ತಕ ಪ್ರಕಟಿಸಿದರು. ಕರುಣಾಮಯಿಯೂ ಸರ್ವಶಕ್ತನೂ ಆದ ದೇವರಿದ್ದರೆ ತಪ್ಪು ಮಾಡದವರು ಹೀಗೆ ನರಳುವುದೇಕೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಅವರಷ್ಟು ಪ್ರಾಮಾಣಿಕವಾಗಿ, ಅವರಷ್ಟು ಸೌಮ್ಯವಾಗಿ ಕೇಳಿದವರು ಕಡಿಮೆ. ಅವರು ಒಪ್ಪುವಂಥ ಉತ್ತರ ನನ್ನ ಹತ್ತಿರ ಇಲ್ಲ. ಪೂರ್ವಜನ್ಮದ ಕರ್ಮ ಎಂದು ಸತ್ತ ಮಕ್ಕಳ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರುವುದಿಲ್ಲ. ದೇವರು ಪರೀಕ್ಷೆ ಮಾಡಿದ ಎನ್ನಲೂ ಮನಸ್ಸು ಒಪ್ಪದು.

ಆದರೂ ಆ ಬರದ ಬಗ್ಗೆ ಗೊತ್ತಿರುವ ಒಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗಲಾಗದು. ದಕ್ಷಿಣ ಭಾರತ ಹಸಿದು ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಈ ದೇಶದ ಧಾನ್ಯ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಇಡೀ ದಿನ ದುಡಿದವನ ಧಾನ್ಯದ ಪಾಲನ್ನು ಒಂದು ಪೌಂಡಿಗೆ ಇಳಿಸಲಾಗಿತ್ತು, ಅಂದರೆ ಅರ್ಧ ಕಿಲೋಗೂ ಕಡಿಮೆ. ದೇಶದಲ್ಲಿ ಕಾಳು ಇತ್ತು, ಹಸಿದವರ ಬಾಯಿಗೆ ತಲುಪಲಿಲ್ಲ. ತಲುಪಿಸಬೇಕಾದವರು ದರ ನೋಡಿದರು, ಲೆಕ್ಕ ನೋಡಿದರು, ಸಾಯುತ್ತಿದ್ದವರ ಮುಖ ನೋಡಲಿಲ್ಲ. ಇದು ದೇವರನ್ನು ಪಾರುಮಾಡುವ ಜಾಣತನ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ದೇವಿ ಯಾಕೆ ಅವರ ಕೈ ತಿರುಗಿಸಲಿಲ್ಲ ಎಂಬ ಪ್ರಶ್ನೆ ಹಾಗೇ ನಿಂತಿದೆ, ನಿಲ್ಲಲಿ. ನಮ್ಮ ಭಕ್ತಿಯಲ್ಲಿ ನಿಂದಾಸ್ತುತಿಗೆ ಜಾಗ ಇರುವುದೇ ಅದಕ್ಕೆ. ದಾಸರು ದೇವರನ್ನು ನಿಲ್ಲಿಸಿ ಬೈದಿದ್ದಾರೆ. ಮಾತು ಕೊಟ್ಟವರ ಮೇಲೆ ಮಾತ್ರ ಹಾಗೆ ಸಿಟ್ಟು ಮಾಡಲು ಬರುತ್ತದೆ. ಏನೂ ನಿರೀಕ್ಷೆ ಇಲ್ಲದವರು ಏನೆಂದು ದೂರುತ್ತಾರೆ?

ನಾನು ಹೇಳುತ್ತಿರುವುದು ನಂಬದವರನ್ನು ನಂಬಿಸಲು ಅಲ್ಲ. ಕರುಣೆಗೆ ದೇವರು ಬೇಕೇಬೇಕು ಎಂದೂ ಅಲ್ಲ. ಬಾದಾಮಿಯ ಆ ಹುಡುಗನಿಗೆ ತುರ್ತಾಗಿ ಪ್ಲೇಟ್‌ಲೆಟ್ ಬೇಕಾದಾಗ ಅವರ ಊರಿನವರು ನಾನೂರು ಕಿಲೋಮೀಟರಿಗೂ ಆಚೆ ಇದ್ದರು. ಬಂದವರು ಬಿಟಿಎಂ ಲೇಔಟಿನ ಪಿಜಿಯೊಂದರ ಮೂವರು ಹುಡುಗರು. ಒಬ್ಬನಿಗೂ ಕನ್ನಡ ಬರುತ್ತಿರಲಿಲ್ಲ. ಅವರಿಗೆ ಬನಶಂಕರಿ ಎಂದರೆ ಮೆಟ್ರೊ ನಿಲ್ದಾಣದ ಹೆಸರಷ್ಟೇ. ದೇವರಿದ್ದಾನೆಯೇ ಎಂದು ಕೇಳಿದ್ದರೆ ಏನು ಹೇಳುತ್ತಿದ್ದರೋ, ಯಾರೂ ಕೇಳಲಿಲ್ಲ. ಆ ತಾಯಿ ಮಾತ್ರ ಮೂವರ ಕೈಯನ್ನೂ ಒಂದೊಂದಾಗಿ ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಹುಡುಗ ಚಿಕಿತ್ಸೆ ಮುಗಿಸಿ ಊರಿಗೆ ಹೋದ. ನಮ್ಮ ಚಿಕ್ಕಮ್ಮ ಉಳಿಯಲಿಲ್ಲ. ಇಬ್ಬರಿಗಾಗಿಯೂ ಒಂದೇ ಶುಕ್ರವಾರ, ಅಕ್ಕಪಕ್ಕದಲ್ಲಿ ಕೂತು ದೀಪ ಹಚ್ಚಿದ್ದೆವು. ದೇವರ ಮಾತಿನ ಬಗ್ಗೆ ಯಾರು ಏನೇ ವ್ಯಾಖ್ಯಾನ ಮಾಡಲಿ, ಅದು ಈ ಎರಡೂ ಹಾಸಿಗೆಗಳ ಪಕ್ಕದಲ್ಲಿ ನಿಂತು ಹೇಳಬಹುದಾದ ಮಾತಾಗಿರಬೇಕು ಎಂಬುದು ನನ್ನ ಹಟ. ‘ನಂಬಿದೆ, ಬದುಕಿತು’ ಎಂಬುದನ್ನು ಒಂದು ಹಾಸಿಗೆಯ ಪಕ್ಕದಲ್ಲಷ್ಟೇ ಹೇಳಬಹುದು. ‘ಕೈಬಿಡಲಿಲ್ಲ’ ಎಂಬುದನ್ನು ಎರಡೂ ಕಡೆ ಹೇಳಬಹುದು. ಚಿಕ್ಕಮ್ಮ ಕೊನೆಯ ವಾರದಲ್ಲಿ ಹೆದರಲಿಲ್ಲ. ಯಾರ ಮೇಲೂ ರೇಗಲಿಲ್ಲ. ಮನೆಯಲ್ಲಿ ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ವಿಚಾರಿಸಿದರು, ಕೆಲಸದಾಕೆಯ ಮಗಳ ಫೀಸಿಗೆ ತೆಗೆದಿಟ್ಟ ದುಡ್ಡು ಎಲ್ಲಿದೆ ಎಂದು ಹೇಳಿದರು. ಅದು ಔಷಧಿಯ ಮಂಪರಲ್ಲ, ನಾನು ಪಕ್ಕದಲ್ಲೇ ಇದ್ದೆ. ಅವರಿಗೆ ಆ ಏಳು ದಿನಕ್ಕೆ ಬೇಕಾದಷ್ಟು ಸಿಕ್ಕಿತ್ತು.

ಅಸಾಧ್ಯವಾದ ಹೊತ್ತಿನಲ್ಲಿ ನಂಬಿದವರು ಏನು ಮಾಡುತ್ತಾರೆ ಎಂಬುದಕ್ಕೆ ಬೈಬಲಿನಲ್ಲಿ ಒಂದು ಕಥೆ ಇದೆ. ಸೈಟಿನ ವ್ಯವಹಾರದಲ್ಲಿ ಪಳಗಿರುವ ನಮ್ಮ ಜಯನಗರ, ಜೆಪಿ ನಗರದವರಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಪ್ರವಾದಿ ಯೆರೆಮೀಯನ ಗ್ರಂಥದ 32ನೇ ಅಧ್ಯಾಯ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಊರು ಬಿದ್ದೇ ಬೀಳುತ್ತದೆ ಎಂದು ಸಾರಿದ್ದಕ್ಕೆ ಯೆರೆಮೀಯನನ್ನು ಅರಸ ಸೆರೆಯಲ್ಲಿಟ್ಟಿದ್ದಾನೆ. ಆಗ ಚಿಕ್ಕಪ್ಪನ ಮಗ ಬಂದು ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಊರಾಚೆಯ ಹೊಲ, ಸುತ್ತ ಶತ್ರುವಿನ ದಂಡು. ಲಿಟಿಗೇಶನ್ ಇರುವ ಸೈಟಿಗೇ ನಾವು ಹತ್ತಿರ ಸುಳಿಯುವುದಿಲ್ಲ! ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟ. ಸಾಕ್ಷಿಗಳನ್ನು ಕೂರಿಸಿ, ಕ್ರಯಪತ್ರಕ್ಕೆ ಮುದ್ರೆ ಹಾಕಿ, ಬಹುಕಾಲ ಕೆಡದೆ ಇರಲಿ ಎಂದು ಮಣ್ಣಿನ ಗಡಿಗೆಯಲ್ಲಿ ಇಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಕೊಳ್ಳುತ್ತಾರೆ ಎಂದು ದೇವರು ಕೊಟ್ಟ ಮಾತು ಅವನ ಆಧಾರ.

ಗಮನಿಸಬೇಕಾದದ್ದು, ದುಡ್ಡು ಕೊಟ್ಟಾದ ಮೇಲೆ ಯೆರೆಮೀಯ ತಬ್ಬಿಬ್ಬಾಗುತ್ತಾನೆ. ನಿನಗೆ ಅಸಾಧ್ಯವಾದದ್ದು ಇಲ್ಲ ಎಂದು ಹೇಳುತ್ತಲೇ, ಊರು ಬೀಳುತ್ತಿರುವಾಗ ಹೊಲ ಕೊಳ್ಳು ಎಂದೆಯಲ್ಲ ಎಂದು ದೇವರನ್ನೇ ಕೇಳುತ್ತಾನೆ. ಅನುಮಾನ ಅಳಿದ ಮೇಲೆ ನಂಬಿದ್ದಲ್ಲ, ಅನುಮಾನ ಇದ್ದಂತೆಯೇ ಬೆಳ್ಳಿ ತೂಗಿದ. ಊರು ಬಿತ್ತು. ಅವನನ್ನು ಅವನ ಜನರೇ ಈಜಿಪ್ಟಿಗೆ ಎಳೆದುಕೊಂಡು ಹೋದರು. ಆ ಹೊಲದಲ್ಲಿ ಯೆರೆಮೀಯ ಒಂದು ದಿನವೂ ಉಳಲಿಲ್ಲ. ಜನ ಮರಳಿ ಬಂದದ್ದು ದಶಕಗಳು ಕಳೆದ ಮೇಲೆ. ಅಲ್ಲೂ ಅಷ್ಟೇ, ಮಳೆ ಬಂದಾಗ ಕೊಂಡವನು ಇರಲಿಲ್ಲ, ಗಡಿಗೆಯೊಳಗೆ ಪತ್ರ ಇಟ್ಟುಹೋಗಿದ್ದ.

ಸುಮ್ಮನೆ ಕೂರುವುದು ನಂಬಿಕೆಯಲ್ಲ ಎಂದು ಇದರಿಂದ ನನಗೆ ತಿಳಿಯಿತು. ಬಾದಾಮಿಯ ಆ ತಾಯಿ ಗುಡಿಯಿಂದ ಬಂದವಳೇ ಇಂಜೆಕ್ಷನ್ ಹೊತ್ತು ಮೀರುತ್ತದೆಂದು ಮೆಟ್ಟಿಲು ಹತ್ತಿ ಓಡುತ್ತಿದ್ದಳು. ಮಗನ ಮೂರನೇ ತರಗತಿಯ ಕನ್ನಡ ಪುಸ್ತಕ ತರಿಸಿಕೊಂಡಿದ್ದಳು. ರಕ್ತದ ಎಣಿಕೆ ಕುಸಿದಿದ್ದ ದಿನಗಳಲ್ಲೂ ಅವನ ಹತ್ತಿರ ಕಾಗುಣಿತ ಬರೆಸುತ್ತಿದ್ದಳು. ಅದು ಅವಳ ಗಡಿಗೆಯೊಳಗಿನ ಪತ್ರ.

ಜಯನಗರ 9ನೇ ಬ್ಲಾಕಿನ ರಾಗಿಗುಡ್ಡಕ್ಕೆ ಒಂದು ಐತಿಹ್ಯ ಇದೆ. ರಾಶಿ ಹಾಕಿದ ರಾಗಿಯ ಮುಂದೆ ದಾಸರು ಭಿಕ್ಷೆಗೆ ಬಂದರು. ಸೊಸೆ ಕೊಡಲು ಹೊರಟಳು, ಅತ್ತೆ ತಡೆದಳು. ಸೊಸೆ ನೊಂದು ಬೇಡಿಕೊಂಡಳು, ರಾಗಿ ರಾಶಿಯೆಲ್ಲ ಕಲ್ಲಾಯಿತು, ಅದೇ ಈ ಗುಡ್ಡ. ಒಂದು ಕಡೆ ಮೈಯೇ ಸೊಪ್ಪು ತರಕಾರಿಯಾದ ದೇವಿ, ಕೆಲವೇ ಕಿಲೋಮೀಟರ್ ದೂರದಲ್ಲಿ ಕೊಡದೆ ಕಲ್ಲಾದ ರಾಗಿ. ದಕ್ಷಿಣ ಬೆಂಗಳೂರು ಈ ಎರಡು ಕಥೆಗಳ ನಡುವೆ ಇದೆ. ಧಾತು ಬರದಲ್ಲಿ ಹಡಗು ಹತ್ತಿದ ಕಾಳು ನನ್ನ ಪಾಲಿಗೆ ಆ ಕಲ್ಲಿನ ರಾಶಿಯೇ.

2025ರ ಆಗಸ್ಟಿನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ಆದಮೇಲೆ ಬರುವ ನಿಲ್ದಾಣ ಜಯದೇವ ಆಸ್ಪತ್ರೆ, ಅದರ ಮುಂದಿನದು ಬಿಟಿಎಂ ಲೇಔಟ್. ಡಾ. ಸಿ.ಎನ್. ಮಂಜುನಾಥ್ ಅವರು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಕಾಲದಲ್ಲಿ ಮೊದಲು ಚಿಕಿತ್ಸೆ, ಹಣ ಆಮೇಲೆ ಎಂಬ ಪದ್ಧತಿ ಮನೆಮಾತಾಯಿತು. ಎದೆ ಹಿಡಿದುಕೊಂಡು ಬಂದವನ ಜೇಬು ನೋಡುವ ಮೊದಲು ಅವನನ್ನು ನೋಡುವುದು. ಇದರಲ್ಲಿ ಪವಾಡ ಇಲ್ಲ, ನರಸಿಂಹಯ್ಯನವರ ಸಮಿತಿಗೆ ಇಲ್ಲಿ ಕೆಲಸವೂ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯಿಂದ ಬಾಡಿಗೆ ವ್ಯಾನಿನಲ್ಲಿ ಅಪ್ಪನನ್ನು ಮಲಗಿಸಿಕೊಂಡು ಬಂದ ಮಗನಿಗೆ ಅಂಥ ಬಾಗಿಲು ಒಂದಿದೆ ಎಂಬ ಭರವಸೆ ಎಷ್ಟು ದೊಡ್ಡದು ಎಂದು ಅವನನ್ನೇ ಕೇಳಬೇಕು.

ಬನಶಂಕರಿಗೆ ಮಂಗಳವಾರ, ಶುಕ್ರವಾರ, ಭಾನುವಾರ ತಪ್ಪದೆ ಹೋಗುವವರನ್ನು ಒಂದು ಕೇಳಿಕೊಳ್ಳುತ್ತೇನೆ. ದೀಪ ಹಚ್ಚಿ. ನಿಮ್ಮ ಕಷ್ಟ ಹೇಳಿಕೊಳ್ಳಿ. ಬೇಕಾದರೆ ಜಗಳ ಆಡಿ. ಅವಳು ಕೊಟ್ಟ ಮಾತು ಯಾವುದೋ ಅದನ್ನೇ ಕೇಳಿ, ಇವತ್ತಿಗೆ ಬೇಕಾದಷ್ಟನ್ನು. ಆಮೇಲೆ, ನಿಮಗೆ 18 ತುಂಬಿ ಮೈಯಲ್ಲಿ ಆರೋಗ್ಯವಿದ್ದರೆ, ಹತ್ತಿರದ ಆಸ್ಪತ್ರೆಯ ರಕ್ತನಿಧಿಗೆ ಹೋಗಿ ಹೆಸರು ಬರೆಸಿ ಬನ್ನಿ. ಕೊಟ್ಟ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಬರುವುದಿಲ್ಲ. ಈ ವಾರ ಒಬ್ಬರು ಕೊಟ್ಟಿದ್ದರೆ ಮುಂದಿನ ವಾರಕ್ಕೆ ಇನ್ನೊಬ್ಬರು ಬೇಕು.